ಬಿಸಿ ತಡೆಯೋದು ಬೇರೆ, ಬಿಸಿನೀರು ತಡೆಯೋದು ಬೇರೆ

ಕೊಳ್ಳೇಗಾಲ, ಯಳಂದೂರು, ಹನೂರು ಕಡೆಯವರಿಗೆ ರೇಷ್ಮೆಗೂಡು ಹೊಸದಲ್ಲ. ನೂಲು ಬಿಚ್ಚೋ ಮೊದಲು ಗೂಡನ್ನು ಹೆಚ್ಚುಕಮ್ಮಿ ಕುದಿಯೋ ನೀರಲ್ಲೇ ಬೇಯಿಸಬೇಕು. ಆಗಲೇ ಎಳೆ ಅಂಟಿಸಿರೋ ಸೆರಿಸಿನ್ ಅನ್ನೋ ಗೋಂದು ಮೆತ್ತಗಾಗೋದು. ಆ ಪಾತ್ರೆಗೆ ಒಳಗಿನದು ಕಾಣೋ ಮುಚ್ಚಳ ಡಿಸೈನ್ ಮಾಡಿ ಅಂದ್ರೆ ಯಾವ ಮೆಟೀರಿಯಲ್ ಹಾಕ್ತೀರಿ? ಗಾಜು ಬೇಡ, ಒಡೆದರೆ ಚೂರು ನೇರ ಗೂಡಿನ ಮೇಲೇ ಬೀಳುತ್ತೆ.

ಹೆಚ್ಚಿನವರು ಪಾಲಿಕಾರ್ಬೊನೇಟ್ ಅಂತೀರಿ. ಅದರ ಗ್ಲಾಸ್ ಟ್ರಾನ್ಸಿಷನ್ ತಾಪಮಾನ ಸುಮಾರು 147 ಡಿಗ್ರಿ ಸೆಲ್ಸಿಯಸ್, ನೀರು ಕುದಿಯೋದು 100ಕ್ಕೆ. ಲೆಕ್ಕ ಸರಿ, ಆದ್ರೆ ಆ ಲೆಕ್ಕದಲ್ಲಿ ನೀರೇ ಇಲ್ಲ! ಪಾಲಿಮರ್ ಸರಪಳಿಯ ಕಾರ್ಬೊನೇಟ್ ಕೊಂಡಿಗಳನ್ನು ಬಿಸಿನೀರು ನಿಧಾನವಾಗಿ ಕತ್ತರಿಸುತ್ತೆ. ಇದೇ ಹೈಡ್ರಾಲಿಸಿಸ್. ದಿನವಿಡೀ ಹಬೆ ತಿಂದ ಶೀಟ್ ಕರಗಲ್ಲ, ಬಾಗಲ್ಲ. ಪೆಡಸಾಗಿ ಒಂದಿನ ಬಿರುಕು ಬಿಡುತ್ತೆ. ಕುದಿನೀರಿನ ಪಕ್ಕ ಕೈಯಿಟ್ಟು ದುಡಿಯೋರಿಗೆ ಇದು ಸಣ್ಣ ವಿಷಯ ಅಲ್ಲ.

ಇಲ್ಲಿ ಬೇಕಾದದ್ದು ಪಾಲಿಸಲ್ಫೋನ್. 1965ರಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿ ಮಾರುಕಟ್ಟೆಗೆ ತಂದದ್ದು. ಗ್ಲಾಸ್ ಟ್ರಾನ್ಸಿಷನ್ ಸುಮಾರು 185 ಡಿಗ್ರಿ. ಅದಕ್ಕಿಂತ ಮುಖ್ಯ, ಇದರ ಸಲ್ಫೋನ್, ಈಥರ್ ಕೊಂಡಿಗಳನ್ನು ನೀರು ಸುಲಭಕ್ಕೆ ಮುರಿಯಲ್ಲ. ಆಸ್ಪತ್ರೆಯಲ್ಲಿ 134 ಡಿಗ್ರಿ ಹಬೆಗೆ ಮತ್ತೆ ಮತ್ತೆ ಹೋಗೋ ಟ್ರೇಗಳಿಗೆ, ಡಯಾಲಿಸಿಸ್ ಫಿಲ್ಟರಿನ ಪೊಳ್ಳು ಎಳೆಗಳಿಗೆ ಬಳಸೋದೂ ಇದನ್ನೇ. ಬಣ್ಣ ಮಾತ್ರ ಪೂರ್ತಿ ತಿಳಿಯಲ್ಲ, ನಸು ಜೇನಿನ ಛಾಯೆ.

ಹಾಗಂತ ಎಲ್ಲಾ ಕಡೆ ಸಲ್ಲಲ್ಲ. ಬಿಸಿಲಿನ ಯುವಿಗೆ ಹಾಳಾಗುತ್ತೆ. ಮನೆ ಮುಂದಿನ ಚಾವಣಿಗಾದರೆ ಯುವಿ ಪದರ ಇರೋ ಪಾಲಿಕಾರ್ಬೊನೇಟೇ ವಾಸಿ. ಅಸಿಟೋನ್‌ ಹಾಕಿ ಒರೆಸೋ ಹಾಗಿಲ್ಲ. ಬೆಲೆಯೂ ಪಾಲಿಕಾರ್ಬೊನೇಟಿನ ಹಲವು ಪಟ್ಟು. ಸಣ್ಣ ರೀಲರ್‌ಗೆ ಇಡೀ ಮುಚ್ಚಳ ದುಬಾರಿಯೇ. ಸ್ಟೀಲ್ ಮುಚ್ಚಳದ ನಡುವೆ ಅಂಗೈಯಗಲದ ಕಿಟಕಿ ಮಾತ್ರ ಪಾಲಿಸಲ್ಫೋನಿನದಾದರೆ ಸಾಕು ಅಂತ ನನ್ನ ಲೆಕ್ಕ.