ಬೈಲಿನಲ್ಲಿ ಮನೆ ಕಟ್ಟುವ ಮುನ್ನ

ನಮ್ಮ ಕಾಸರಗೋಡು ಸೀಮೆಯ ಗದ್ದೆಗಳನ್ನು ಹಿರಿಯರು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದರು. ತೋಡಿನ ಮಗ್ಗುಲಲ್ಲಿದ್ದು ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ಕೊಡುವ ತಗ್ಗಿನ ಗದ್ದೆ ಬೈಲು. ಎರಡು ಬೆಳೆಯದು ಮಜಲು. ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವ ಎತ್ತರದ್ದು ಬೆಟ್ಟು. ಮನೆಗೆ ಜಾಗ ಹುಡುಕುವವರಿಗೂ ಇದೇ ವಿಂಗಡಣೆ ದಾರಿ ತೋರಿಸುತ್ತಿತ್ತು. ಹಳೆಯ ಮನೆಗಳನ್ನು ನೋಡಿರಿ. ಗುಡ್ಡೆ ಮುಗಿದು ಗದ್ದೆ ತೊಡಗುವ ಅಂಚಿನಲ್ಲಿ, ಗದ್ದೆಗಿಂತ ಆಳೆತ್ತರದಲ್ಲಿ ಅವುಗಳ ಅಂಗಳ. ಹೊಸ ಮನೆಗಳು ಮಾತ್ರ ಬೈಲಿಗೇ ಇಳಿಯುತ್ತಿವೆ. ಜನರಿಗೆ ಬುದ್ಧಿ ಕಡಿಮೆಯಾಯಿತೆಂದಲ್ಲ. ಡಾಮರು ರಸ್ತೆ ಬೈಲಿನ ಬದಿಯಲ್ಲಿ ಬಂತು, ಮನೆ ರಸ್ತೆಯನ್ನು ಹುಡುಕಿಕೊಂಡು ಹೋಯಿತು, ಅಷ್ಟೆ.

ಈಚೆಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮನೆಯ ನಕ್ಷೆ ಹಿಡಿದುಕೊಂಡು ಬಂದರು. ಪಾಲಿಗೆ ಬಂದ ಬೈಲುಗದ್ದೆಯಲ್ಲಿ 10 ಸೆಂಟ್ಸು ಜಾಗಕ್ಕೆ 3 ಅಡಿ ಮಣ್ಣು ತುಂಬಿಸಿ, ಅದರ ಮೇಲೆ 2 ಅಡಿ ಪಂಚಾಂಗ ಎತ್ತಿ ಮನೆ ಕಟ್ಟುವುದು ಅವರ ಯೋಜನೆ. "ಮಾಷ್ಟ್ರೇ, ಕೃಷಿಭವನಕ್ಕೆ ಕೊಡುವ ಮೊದಲು ನೀವೊಮ್ಮೆ ನೋಡಿ" ಎಂದರು. ಇಂಥ ನಕ್ಷೆ ಹಲವು ಮನೆಗಳಲ್ಲಿ ಇರಬಹುದಾದುದರಿಂದ ನಾವು ನೋಡಿದ ಬಗೆಯನ್ನು ಇಲ್ಲಿ ಬರೆಯುತ್ತೇವೆ.

ನಕ್ಷೆಯನ್ನು ಮಡಚಿಟ್ಟು ಮೊದಲು ಗದ್ದೆಗೆ ಹೋದೆವು. ಪಂಪುಶೆಡ್ಡಿನ ಗೋಡೆಯಲ್ಲಿ 2019ರ ಆಗಸ್ಟಿನ ನೆರೆಯ ಗೆರೆ ಇನ್ನೂ ಇತ್ತು, ಗದ್ದೆಯ ಮಟ್ಟದಿಂದ ಮೂರೂವರೆ ಅಡಿ. "ನೆಲ 5 ಅಡಿ ಎತ್ತರದಲ್ಲಿರುತ್ತದೆ, ಒಳಗೆ ನೀರು ಬಾರದು" ಎಂಬುದು ಅವರ ವಾದ. ಆ ನೆರೆಯ ಮಟ್ಟಿಗೆ ಇದು ಸರಿಯೇ. ಆದರೆ ಮನೆಗೆ ಬಾರದ ನೀರು ಎಲ್ಲಿಗೆ ಹೋಗಬೇಕು?

ಲೆಕ್ಕ ಮಾಡೋಣ. 10 ಸೆಂಟ್ಸೆಂದರೆ 4,356 ಚದರ ಅಡಿ. 3 ಅಡಿ ತುಂಬಿಸಿದರೆ 13,068 ಘನ ಅಡಿ. ಘನ ಅಡಿಗೆ 28 ಲೀಟರಿಗೂ ಮಿಕ್ಕಿ ಹಿಡಿಯುವುದರಿಂದ ಸುಮಾರು 3,70,000 ಲೀಟರು ನೀರು ನಿಲ್ಲುವ ಜಾಗ ಹೋಯಿತು. ಮಣ್ಣು ಲೋಡಿಗೆ 150 ಘನ ಅಡಿ ಎಂದಿಟ್ಟರೂ 87 ಲೋಡು ಬೇಕು. ಮೆಟ್ಟಿ ಗಟ್ಟಿ ಮಾಡುವಾಗ ಇನ್ನೂ ಹೆಚ್ಚು. ಅದಕ್ಕಾಗಿ ಯಾವುದೋ ಗುಡ್ಡೆಯನ್ನು ಕಡಿದಿರಬೇಕು, ಆ ಮಾತು ಬೇರೆ.

ಬೈಲು ವಿಶಾಲವಾಗಿದ್ದರೆ ಇಷ್ಟು ನೀರು ಹರಡಿಹೋದೀತು. ಒಂದು ಮನೆಯಿಂದ ಊರೇ ಮುಳುಗುವುದೆಂದು ನಾವು ಹೆದರಿಸುವುದಿಲ್ಲ. ಇಲ್ಲಿ ಕೇಡು ಇರುವುದು ಅಗಲದಲ್ಲಿ. ತೋಡಿನಿಂದ ಗುಡ್ಡೆಯ ಬುಡಕ್ಕೆ ಅಳತೆ ಹಿಡಿದಾಗ 120 ಅಡಿ. ಚೌಕವಾದ 10 ಸೆಂಟ್ಸಿನ ಒಂದು ಬದಿಯೇ 66 ಅಡಿ. ತೋಡು ಉಕ್ಕಿದಾಗ ನೀರು ಹಾದುಹೋಗುವ ಬಾಗಿಲಿನ ಅರ್ಧಕ್ಕಿಂತ ಹೆಚ್ಚು ಮುಚ್ಚಿದಂತಾಯಿತು. ಕೆರೆಯೊಳಗೆ ಕಲ್ಲು ಹಾಕಿದ ಲೆಕ್ಕ ಬೇರೆ, ತೋಡಿಗೆ ಕಲ್ಲು ಅಡ್ಡ ಇಟ್ಟ ಲೆಕ್ಕ ಬೇರೆ. ಮೇಲಿನ ಗದ್ದೆ ಇವರ ದೊಡ್ಡಪ್ಪನದು. ಆಟಿಯಲ್ಲಿ ನಾಲ್ಕು ದಿನ ನೀರು ಇಳಿಯದೆ ನಿಂತರೆ ಅವರ ಏಣೆಲು ನೇಜಿ ಕೊಳೆಯುವುದು.

ಇನ್ನು ಬಾವಿ. ಶೌಚಗುಂಡಿಗೂ ಬಾವಿಗೂ ಏಳೂವರೆ ಮೀಟರು ಅಂತರವಿರಬೇಕೆಂಬ ನಿಯಮವನ್ನು ನಕ್ಷೆಯಲ್ಲಿ ಪಾಲಿಸಿದ್ದರು. ಆದರೆ ಬೈಲಿನಲ್ಲಿ ಮಳೆಗಾಲದ ಒರತೆ ನೆಲದ ಮಟ್ಟಕ್ಕೇ ಬರುವುದು. ಗುಂಡಿಯೂ ಬಾವಿಯೂ ಒಂದೇ ನೀರಿನಲ್ಲಿ ನಿಂತಾಗ ಕಾಗದದ ಮೇಲಿನ ಅಂತರದಿಂದ ಏನು ಪ್ರಯೋಜನ? ಹೊಸ ಮಣ್ಣು ಕುಸಿದು ಕೂರುವುದೂ ಉಂಟು. ತಳದ ಕೆಸರು ದಾಟಿ ಗಟ್ಟಿ ನೆಲ ಸಿಗುವವರೆಗೆ ಪಂಚಾಂಗ ಇಳಿಸದಿದ್ದರೆ ಗೋಡೆ ಬಿರಿಯುವುದು.

ಕಾನೂನು ಏನೆನ್ನುತ್ತದೆ? ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯಂತೆ, ಗದ್ದೆಯ ಮಾಲಿಕನ ಸ್ವಂತ ವಾಸಕ್ಕಾದರೆ ಪಂಚಾಯತಿನಲ್ಲಿ 10 ಸೆಂಟ್ಸು, ನಗರಸಭೆಯಲ್ಲಿ 5 ಸೆಂಟ್ಸಿನವರೆಗೆ ತುಂಬಿಸಲು ಅನುಮತಿ ಸಿಗಬಹುದು. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ಗ್ರಾಮಾಧಿಕಾರಿ ಮತ್ತು ಮೂವರು ರೈತ ಪ್ರತಿನಿಧಿಗಳ ಸ್ಥಳೀಯ ಸಮಿತಿ ಶಿಫಾರಸು ಮಾಡಬೇಕು. ತೀರ್ಮಾನ ಜಿಲ್ಲಾ ಮಟ್ಟದ ಸಮಿತಿಯದು. ಮಾಲಿಕನಿಗಾಗಲಿ ಕುಟುಂಬಕ್ಕಾಗಲಿ ಜಿಲ್ಲೆಯಲ್ಲಿ ಮನೆಗೆ ತಕ್ಕ ಬೇರೆ ಜಾಗ ಇರಕೂಡದು. ಆ ಗದ್ದೆಯ ಸುತ್ತಲೂ ಬೇರೆ ಗದ್ದೆಗಳಿರಕೂಡದು. ನೆರೆಯ ಗದ್ದೆಯ ಕೃಷಿಗೆ ಬಾಧಕವಾಗಕೂಡದು. ಮೊದಲು ಮಣ್ಣು ಹಾಕಿ ಮತ್ತೆ ಅರ್ಜಿ ಕೊಡುವ ಜಾಣತನ ಬೇಡ. ತುಂಬಿಸಿದ್ದನ್ನು ತೆಗೆಸಿ ಗದ್ದೆಯನ್ನು ಮೊದಲಿನಂತೆ ಮಾಡಿಸುವ ಅಧಿಕಾರ ಕಲೆಕ್ಟರರಿಗಿದೆ.

ಇವರ ಅರ್ಜಿ ಮೊದಲ ಷರತ್ತಿನಲ್ಲೇ ಎಡವುವಂತಿತ್ತು. ಇದೇ ಗ್ರಾಮದಲ್ಲಿ ಇವರಿಗೆ 18 ಸೆಂಟ್ಸು ಬೆಟ್ಟುಜಾಗವಿದೆ. ಕೇಳಿದಾಗ, "ಅಲ್ಲಿಗೆ ದಾರಿಯೇ ಇಲ್ಲವಲ್ಲ ಮಾಷ್ಟ್ರೇ. ಅಮ್ಮನಿಗೆ ನಡೆಯಲಿಕ್ಕೆ ಆಗುವುದಿಲ್ಲ. ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಹೊತ್ತುಕೊಂಡೇ ಇಳಿಸಬೇಕು" ಎಂದರು. ಇದು ನೆಪವಲ್ಲ. ದಾರಿಯಿಲ್ಲದ ಬೆಟ್ಟನ್ನು ತೋರಿಸಿ ಅಲ್ಲಿ ಕಟ್ಟು ಎನ್ನುವುದು ನಮಗೂ ಸರಿಕಾಣಲಿಲ್ಲ.

ಹಗ್ಗ ಹಿಡಿದು ಅಳೆದೆವು. ರಸ್ತೆಯಿಂದ ಬೆಟ್ಟಿಗೆ ದೊಡ್ಡಪ್ಪನ ಗೇರುತೋಟದ ಬದಿಯಿಂದ 200 ಅಡಿ. ಅಗಲ 8 ಅಡಿಯಾದರೆ 1,600 ಚದರ ಅಡಿ, ನಾಲ್ಕು ಸೆಂಟ್ಸಿಗೂ ಕಡಿಮೆ. ದೊಡ್ಡಪ್ಪ ಮೊದಲು ಒಪ್ಪಲಿಲ್ಲ. ಪಾಲಿನ ಸಮಯದ ಹಳೆಯ ಮುನಿಸು ಇತ್ತು. ಬೈಲಿನ ಅಡ್ಡಕ್ಕೆ ಮಣ್ಣು ಬಿದ್ದರೆ ತನ್ನ ಗದ್ದೆಯಲ್ಲಿ ನೀರು ಎಷ್ಟು ಏರೀತೆಂದು ಪಂಪುಶೆಡ್ಡಿನ ಗೆರೆಯ ಹತ್ತಿರ ನಿಂತು ನೋಡಿದ ಮೇಲೆ, "ದಾರಿಗೆ ಬದಲು ನನ್ನ ಹುಣಿಗೆ ತಾಗಿದ 5 ಸೆಂಟ್ಸು ಬೈಲು ಕೊಡಲಿ, ಬೇಸಾಯ ಮಾಡಿಕೊಳ್ಳುತ್ತೇನೆ" ಎಂದರು. ಹುಡುಗನಿಗೆ ಇದು ದುಬಾರಿ ಎನಿಸಿತು. 87 ಲೋಡು ಮಣ್ಣಿನ ಕ್ರಯ ಎಷ್ಟಾಗುವುದೆಂದು ಅವರೇ ಕೂಡಿಸಿ ನೋಡಿ ಸುಮ್ಮನಾದರು.

ಬೆಟ್ಟಿನಲ್ಲಿ ಕಟ್ಟುವಾಗಲೂ ಹಿಂಬದಿಯ ಗುಡ್ಡೆಯನ್ನು ನೆಟ್ಟಗೆ ಕಡಿಯಬಾರದು. ಮೆಟ್ಟಿಲು ಮೆಟ್ಟಿಲಾಗಿ ತೆಗೆದು, ಮೇಲಿನಿಂದ ಇಳಿಯುವ ಮಳೆನೀರಿಗೆ ಬದಿಯಲ್ಲಿ ಕಣಿ ಬಿಡಬೇಕು. ದಾರಿಯ ಜಾಗಕ್ಕೂ ಗದ್ದೆಯ ಜಾಗಕ್ಕೂ ಸರ್ವೆ ಮಾಡಿಸಿ, ವಿನಿಮಯ ಪತ್ರ ನೋಂದಣಿಯಾಗುವವರೆಗೆ ಜೆ.ಸಿ.ಬಿ. ತರಿಸಬೇಡಿರೆಂದು ಇಬ್ಬರಿಗೂ ಹೇಳಿದ್ದೇವೆ.