ಹನ್ನೊಂದು ಜಾಗ, ಒಂದೇ ಹಗಲು

ಇಸ್ತಾನ್‌ಬುಲ್‌ನಲ್ಲಿ ನಿಮಗಿರುವುದು ಒಂದೇ ದಿನ, ಯಜಮಾನರ ಪಟ್ಟಿಯಲ್ಲಿ 11 ಜಾಗ. ಕಳೆದ ಪ್ರವಾಸದಲ್ಲಿ ಸಂಜೆಯಾಗುವಷ್ಟರಲ್ಲಿ ಇಬ್ಬರೂ ಮಾತು ಬಿಟ್ಟಿದ್ದೆವು ಅಂತ ಬರೆದಿದ್ದೀರಿ. ಅದು ಸಿಟ್ಟಲ್ಲಮ್ಮ, ದಣಿವು. ಒಂದೇ ಜಾಗ ಆರಿಸಲು ಅವರಿಗೆ ಹೇಳಿ. ಆಯಾ ಸೋಫಿಯಾ ಆದರೆ ಒಳ್ಳೆಯದು. 537ರಲ್ಲಿ ಕಟ್ಟಿ ಮುಗಿಸಿದ್ದು, ಈಗ ಮಸೀದಿ, ತಲೆಗೆ ದುಪಟ್ಟಾ ಇರಲಿ. ಅಲ್ಲಿ ಅವರನ್ನು ಅವಸರಪಡಿಸಬೇಡಿ.

ಮಧ್ಯಾಹ್ನ ನಿಮ್ಮದು. ಎಮಿನೊನುವಿನಿಂದ ಕಡಿಕೊಯ್‌ಗೆ ಹೋಗುವ ಫೆರಿ ಹತ್ತಿ. ಸುಮಾರು 20 ನಿಮಿಷದಲ್ಲಿ ಯುರೋಪು ದಾಟಿ ಏಷ್ಯಾ! ಹೊರಗಿನ ಬೆಂಚಿನಲ್ಲೇ ಕೂತುಕೊಳ್ಳಿ. ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ, ಜೊತೆಗೆ ಎಳ್ಳು ಮೆತ್ತಿದ ಬಳೆಯಾಕಾರದ ಸಿಮಿತ್ ಹಂಚಿಕೊಳ್ಳಿ. ಕಡಲಹಕ್ಕಿಗಳು ಹಿಂದೆಯೇ ಬರುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ವಾಪಸಾಗಿ. ಮಿನಾರುಗಳ ಸಾಲು ಎದುರಿಗೇ ಕಾಣುತ್ತದೆ. ಆ ಹೊತ್ತಿನಲ್ಲಿ ಮೊಬೈಲು ಇಬ್ಬರದೂ ಚೀಲದಲ್ಲಿರಲಿ.