ಸಭಾಪಾಲಕರ ಮನೆಯವರಿಗೆ ಆಸರೆ

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ, 1ರಿಂದ 7ನೇ ವಚನಗಳು.

ಯೆರೂಸಲೇಮಿನ ಮೊದಲನೆಯ ಸಭೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆದರೂ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋದರು. ಅಪೊಸ್ತಲರು ಗುಣುಗುಟ್ಟಿದವರನ್ನು ಗದರಿಸದೆ, ಆ ಕೆಲಸಕ್ಕೆಂದೇ ಏಳು ಮಂದಿಯನ್ನು ನೇಮಿಸಿದರು. ಕ್ರಮವಿಲ್ಲದ ಕನಿಕರದಲ್ಲಿ ಯಾರಾದರೂ ಬಿಟ್ಟುಹೋಗುವರೆಂಬದನ್ನು ಇದರಿಂದ ಕಲಿಯುತ್ತೇವೆ. ಇದಕ್ಕೆ ದೃಷ್ಟಾಂತವು ಇಂಗ್ಲೆಂಡಿನ ಸಭೆಯ ಚರಿತ್ರೆಯಲ್ಲಿಯೂ ಉಂಟು.

ಕಷ್ಟದ ಮೂಲ. ಪೂರ್ವದಲ್ಲಿ ಅಲ್ಲಿಯ ಪಾದ್ರಿಗಳಿಗೆ ಮದುವೆಯ ಅಪ್ಪಣೆಯಿರಲಿಲ್ಲ. ಸಭಾಸುಧಾರಣೆಯ ಕಾಲದಲ್ಲಿ, 1549ರಲ್ಲಿ, ಕಾಯಿದೆಯು ಮೊದಲ ಸಾರಿ ಅದಕ್ಕೆ ಎಡೆಗೊಟ್ಟಿತು. ಹೀಗೆ ಪಾದ್ರಿಯ ಮನೆಯಲ್ಲಿ ಹೆಂಡತಿಯೂ ಮಕ್ಕಳೂ ಇರುವಂತಾಯಿತು. ಆದರೆ ಆ ಮನೆಯು ಅವರ ಸ್ವಂತದ್ದಲ್ಲ, ಉದ್ಯೋಗಕ್ಕೆ ಸೇರಿದ್ದು. ಅವರು ತೀರಿಕೊಂಡರೆ ವರಮಾನವು ನಿಂತುಹೋಗುವದು. ಮನೆಯನ್ನೂ ಮುಂದೆ ಬರುವ ಪಾದ್ರಿಗೆ ಬಿಟ್ಟುಕೊಡಬೇಕು. ಗಂಡನನ್ನು ಕಳಕೊಂಡ ವಿಧವೆಯು ಸೂರನ್ನೂ ಕಳಕೊಳ್ಳುವಳು. ಎಲ್ಲರ ಮನೆಯ ದುಃಖದಲ್ಲಿ ಸಂತೈಸಿದವರ ಮನೆಯವರೇ ದಿಕ್ಕಿಲ್ಲದವರಾಗುವರು.

ಧನಸಹಾಯ. ಕ್ರಾಮ್‌ವೆಲ್ಲನ ಆಳಿಕೆಯಲ್ಲಿ ಅನೇಕ ಪಾದ್ರಿಗಳು ಉದ್ಯೋಗದಿಂದ ತಳ್ಳಲ್ಪಟ್ಟು ಬಡತನಕ್ಕೆ ಬಿದ್ದರು. ಆಗ, 1655ರಲ್ಲಿ, ಪಾದ್ರಿಗಳ ಮನೆಗಳಲ್ಲಿ ಹುಟ್ಟಿ ಬೆಳೆದಿದ್ದ ಕೆಲವರು ಲಂಡನಿನ ಸೇಂಟ್ ಪಾಲ್ ದೇವಾಲಯದಲ್ಲಿ ಆರಾಧನೆಗೆ ಕೂಡಿಬಂದು, ಇಂಥವರಿಗಾಗಿ ಹಣ ಕೂಡಿಸಿದರು. 1678ರಲ್ಲಿ ಎರಡನೆಯ ಚಾರ್ಲ್ಸ್ ಅರಸನು ಆ ಸಂಘಕ್ಕೆ ಸನ್ನದು ಕೊಟ್ಟನು. ಅದು ಇಂದಿಗೂ ನಿಂತಿದೆ. 2019ರಿಂದ ಕ್ಲರ್ಜಿ ಸಪೋರ್ಟ್ ಟ್ರಸ್ಟ್ ಎಂಬ ಹೆಸರಿನಲ್ಲಿ, ಕಷ್ಟದಲ್ಲಿರುವ ಆಂಗ್ಲಿಕನ್ ಪಾದ್ರಿಗಳಿಗೂ ಅವರ ಕುಟುಂಬಗಳಿಗೂ ಸಹಾಯಧನವನ್ನು ಕೊಡುತ್ತಿದೆ.

ವಸತಿ. ರೋಚೆಸ್ಟರಿನ ಬಿಷಪರಾಗಿದ್ದ ಜಾನ್ ವಾರ್ನರ್ 1666ರಲ್ಲಿ ತೀರಿಕೊಂಡರು. ಪಾದ್ರಿಗಳ ಬಡ ವಿಧವೆಯರು 20 ಮಂದಿಗೆ ಮನೆಗಳನ್ನು ಕಟ್ಟಿಸಬೇಕೆಂದು ಅವರು ಮರಣಶಾಸನದಲ್ಲಿ ಬರೆದಿದ್ದರು. ಅದರಂತೆ ಲಂಡನಿಗೆ ಸಮೀಪವಾದ ಬ್ರಾಮ್ಲಿಯಲ್ಲಿ, ನಡುವೆ ಅಂಗಳವೂ ಸುತ್ತಲೂ ಮನೆಗಳ ಸಾಲೂ ಉಳ್ಳ ಕಟ್ಟಡವಾಯಿತು. ಸೂರು ಇದ್ದ ಮಾತ್ರಕ್ಕೆ ಒಲೆ ಉರಿಯುವದೋ? ಆದಕಾರಣ ಒಬ್ಬೊಬ್ಬ ವಿಧವೆಗೆ ವರುಷಕ್ಕೆ 20 ಪೌಂಡುಗಳನ್ನೂ, ಅವರಿಗೆ ಪ್ರಾರ್ಥನೆ ನಡಿಸುವ ಪಾದ್ರಿಗೆ 50 ಪೌಂಡುಗಳನ್ನೂ ತಮ್ಮ ಭೂಮಿಯ ಹುಟ್ಟುವಳಿಯಿಂದ ಕೊಡುವಂತೆ ಅವರು ಗೊತ್ತುಮಾಡಿದ್ದರು.

ಆದರೂ ಒಬ್ಬರು ಬಿಟ್ಟುಹೋಗಿದ್ದರು. ಮದುವೆಯಾಗದ ಮಗಳು ತಾಯಿಯೊಂದಿಗೆ ಅಲ್ಲಿ ವಾಸಿಸಿ, ಆಕೆಯ ಮುಪ್ಪಿನಲ್ಲಿ ಊಳಿಗ ಮಾಡುವದುಂಟು. ಮನೆಯು ವಿಧವೆಗೇ ಸಲ್ಲತಕ್ಕದ್ದಾದ್ದರಿಂದ, ತಾಯಿಯು ತೀರಿಕೊಂಡರೆ ಮಗಳು ಹೊರಡಬೇಕಾಗಿತ್ತು; ಅಷ್ಟರೊಳಗೆ ಅವಳ ತಲೆಯೂ ನರೆತಿರುವದು. ಇಂಥ ಹೆಣ್ಣುಮಕ್ಕಳಿಗೋಸ್ಕರ ಶ್ರೀಮತಿ ಶೆಪರ್ಡ್ ಎಂಬವರು 1840ರಲ್ಲಿ ಅಲ್ಲಿಯೇ ಐದು ಮನೆಗಳನ್ನು ಕಟ್ಟಿಸಿದರು. ಈ ವಸತಿಗಳು ಈಗಲೂ ಇವೆ. ಇಂದು ನಿವೃತ್ತರಾದ ಪಾದ್ರಿಗಳಿಗೂ ಅಲ್ಲಿ ಸ್ಥಳವುಂಟು.

ನಮಗೆ ಪಾಠ. ನಮ್ಮ ಹಳ್ಳಿಗಳಲ್ಲಿಯೂ ಉಪದೇಶಿಯ ಮನೆಯು ಎಷ್ಟೋ ಕಡೆ ಸಭೆಗೆ ಸೇರಿದ್ದೇ. ಮರಣದ ದಿನದಲ್ಲಿ ಅಳುವದು ಸುಲಭ; ಅದಕ್ಕೆ ಮುಂಚೆ ಕೂಡಿಸಿಡುವದು ಪ್ರೀತಿಯ ಕೆಲಸ. ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಸಭೆಗೆಂದು ತೆಗೆದಿಡುವ ಪದ್ಧತಿಯನ್ನು ನೀವು ಬಲ್ಲಿರಿ. ಅದರಲ್ಲಿ ಒಂದು ಪಾಲನ್ನು ಬೇರೆ ಲೆಕ್ಕದಲ್ಲಿ ಬರೆದು, ನಂಬಿಗಸ್ತರಾದ ಇಬ್ಬರ ವಶದಲ್ಲಿಟ್ಟರೆ, ಸಣ್ಣ ಸಭೆಯೂ ಈ ಕೆಲಸವನ್ನು ಆರಂಭಿಸಬಹುದು. ಕೊಡುವಾಗ ಅದನ್ನು ಭಿಕ್ಷೆಯೆಂದೆಣಿಸದೆ, ಸಲ್ಲತಕ್ಕ ಪಾಲೆಂದೆಣಿಸಿ ಕೊಡಿರಿ.

ಪ್ರಶ್ನೆಗಳು:
1. ಅಪೊಸ್ತಲರು ಏಳು ಮಂದಿಯನ್ನು ನೇಮಿಸಿದ್ದೇಕೆ?
2. ಬಿಷಪ್ ವಾರ್ನರರು ಮನೆಯೊಂದಿಗೆ ಹಣವನ್ನೂ ಗೊತ್ತುಮಾಡಿದ್ದೇಕೆ?
3. ನಿಮ್ಮ ಉಪದೇಶಿಯು ತೀರಿಕೊಂಡರೆ ಅವರ ಮನೆಯವರು ಎಲ್ಲಿಗೆ ಹೋಗುವರು?
4. ನಿಮ್ಮ ಸಭೆಯ ಹಂಚಿಕೆಯಲ್ಲಿ ಈಗ ಬಿಟ್ಟುಹೋಗಿರುವವರು ಯಾರು?